ಫಲಕ ಬಿದ್ದ ಮಾತ್ರಕ್ಕೆ ಅಂಗಡಿ ಮುಚ್ಚಿತೆ?

ಯಂತ್ರ ಕೆಟ್ಟಿತೆಂದೊಡನೆ ನಮ್ಮ ಜನರು ಎರಡರಲ್ಲಿ ಒಂದನ್ನು ಮಾಡುವುದುಂಟು. ಅದರ ಬೆನ್ನಿಗೆ ಎರಡೇಟು ಹಾಕುವುದು ಒಂದು. ಅದನ್ನು ಹೊತ್ತುಕೊಂಡು ರಿಪೇರಿಯವನ ಬಳಿಗೆ ಓಡುವುದು ಇನ್ನೊಂದು. ರೇಡಿಯೋ ಪೆಟ್ಟಿಗೆಯ ಕಾಲದಲ್ಲಿ ಇವೆರಡರಿಂದಲೂ ಹೇಳಿಕೊಳ್ಳುವಂಥ ಹಾನಿಯೇನೂ ಆಗುತ್ತಿರಲಿಲ್ಲ. ಆದರೆ ಈಗ ನಮ್ಮ ಮೇಜಿನ ಮೇಲೆ ಬಂದು ಕುಳಿತಿರುವ ಕಂಪ್ಯೂಟರು ಬೇರೆಯೇ ಜಾತಿಯದು. ಅದು ಕೆಲಸ ಮಾಡುವ ಯಂತ್ರವೂ ಹೌದು. ನಮ್ಮ ಲೆಕ್ಕಪತ್ರಗಳನ್ನೂ ಭಾವಚಿತ್ರಗಳನ್ನೂ ಬರೆಹಗಳನ್ನೂ ಕಾದಿಟ್ಟಿರುವ ಪೆಟ್ಟಿಗೆಯೂ ಹೌದು. ಯಂತ್ರವನ್ನು ಸರಿಪಡಿಸಹೋಗಿ ಪೆಟ್ಟಿಗೆಯನ್ನು ಬರಿದುಮಾಡಿಕೊಂಡವರು ನಮ್ಮ ನಡುವೆ ಇದ್ದಾರೆ.

ನಮ್ಮ ಪರಿಚಯದ ವೃದ್ಧ ಉಪಾಧ್ಯಾಯರೊಬ್ಬರ ಕಥೆ ಇಂಥದು. ನಿವೃತ್ತರಾದ ಮೇಲೆ ಅವರು ತಮ್ಮ ಹಿತ್ತಲಿನಲ್ಲಿ ಒಂದು ಮಳೆಮಾಪಕವನ್ನು ನಿಲ್ಲಿಸಿ, ದಿನವೂ ಬೆಳಿಗ್ಗೆ ಎಂಟೂವರೆ ಗಂಟೆಗೆ ತಪ್ಪದೆ ಅಳತೆಯನ್ನು ತೆಗೆದು ಬರೆದಿಡುತ್ತ ಬಂದರು. ಮೊದಮೊದಲು ಈ ಲೆಕ್ಕವೆಲ್ಲ ಪುಸ್ತಕದಲ್ಲಿತ್ತು. ಕೊನೆಯ ಆರು ವರ್ಷಗಳದು ಕಂಪ್ಯೂಟರಿನಲ್ಲಿ ಮಾತ್ರ. ಅಂಕಿಗಳನ್ನು ಯಂತ್ರದ ಒಳಗಿನ ಡಿಸ್ಕಿನಲ್ಲಿ ಇಟ್ಟಿದ್ದರು. ಅವುಗಳಿಂದ ನಕ್ಷೆ ಬರೆಯುವ ಪ್ರೋಗ್ರಾಮು ಮಾತ್ರ ಮಗನು ತಂದುಕೊಟ್ಟ, ತಂತಿಯಿಂದ ಜೋಡಿಸುವ ಹೊರಗಿನ ಡಿಸ್ಕಿನಲ್ಲಿತ್ತು. ಪರದೆಯ ಮೇಲೆ ಅದಕ್ಕೊಂದು ಚಿತ್ರ. ಅದನ್ನು ಎರಡು ಸಲ ಒತ್ತಿದರೆ ಪ್ರೋಗ್ರಾಮು ತೆರೆಯುವುದು. ಇಷ್ಟೇ ಅವರಿಗೆ ತಿಳಿದಿದ್ದುದು. ಅಷ್ಟು ಸಾಕಾಗಿಯೂ ಇತ್ತು.

ಒಂದು ದಿನ ಆ ಚಿತ್ರವು ಮಾಯವಾಗಿ ಅದರ ಜಾಗದಲ್ಲಿ ಬರಿಯ ಬಿಳಿಯ ಹಾಳೆಯೊಂದು ಕಾಣಿಸಿತು. ಒತ್ತಿದಾಗ ಇಂಗ್ಲಿಷಿನಲ್ಲಿ ಎರಡು ಸಾಲಿನ ಸೂಚನೆ ಬಂತು. ಅದನ್ನು ಓದದೆಯೇ ಅವರು ಮುಚ್ಚಿದರು. ಮಾರನೆಯ ದಿನ ಯಂತ್ರದ ಪೆಟ್ಟಿಗೆಯನ್ನು ಆಟೋರಿಕ್ಷಾದಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಒಯ್ದರು. ಹೊರಗಿನ ಡಿಸ್ಕು ಮೇಜಿನ ಮೇಲೆಯೇ ಉಳಿಯಿತು. ಅಂಗಡಿಯ ಹುಡುಗನೂ ಚಿತ್ರವನ್ನು ಒತ್ತಿದನು, ಸೂಚನೆಯನ್ನು ಮುಚ್ಚಿದನು, ಸಿಸ್ಟಮ್ಮೇ ಹೋಗಿದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು ಎಂದನು. ಉಪಾಧ್ಯಾಯರು ಒಪ್ಪಿದರು. ಯಂತ್ರವು ಹೊಸದಾಗಿ ಮನೆಗೆ ಬಂತು. ಅಂದು ಸಂಜೆ ಮೇಜನ್ನು ಒರೆಸುವಾಗ ನೋಡಿದರೆ, ಹೊರಗಿನ ಡಿಸ್ಕಿನ ತಂತಿ ಕಚ್ಚಿಕೊಳ್ಳದೆ ಸಡಿಲವಾಗಿತ್ತು. ಅದನ್ನು ಒತ್ತಿ ಜೋಡಿಸಲು ಡಿಸ್ಕಿನಲ್ಲಿ ಪ್ರೋಗ್ರಾಮು ಇದ್ದ ಹಾಗೆಯೇ ಇತ್ತು. ಅದಕ್ಕೆ ಏನೂ ಆಗಿರಲಿಲ್ಲ. ಯಾರೂ ಕೆಟ್ಟಿತೆಂದು ಹೇಳದೆ ಇದ್ದ ಒಳಗಿನ ಡಿಸ್ಕಿನಿಂದ ಮಾತ್ರ ಆರು ವರ್ಷಗಳ ಮಳೆಯ ಲೆಕ್ಕ ಹೊರಟುಹೋಗಿತ್ತು.

ನಾವು ಈ ಪ್ರಸಂಗವನ್ನು ಎತ್ತಿದುದು ಯಾರನ್ನಾದರೂ ಹಳಿಯುವುದಕ್ಕಲ್ಲ. ಉಪಾಧ್ಯಾಯರು ದಡ್ಡರಲ್ಲ, ಅಂಗಡಿಯ ಹುಡುಗನು ಕಪಟಿಯೂ ಅಲ್ಲ. ಇಬ್ಬರೂ ಮಾಡಿದ ತಪ್ಪು ಒಂದೇ: ಹೆಸರನ್ನು ವಸ್ತುವೆಂದು ಭಾವಿಸಿದುದು. ಅಂಗಡಿಯ ಮುಂದಣ ಫಲಕವು ಗಾಳಿಗೆ ಕಳಚಿಬಿದ್ದರೆ ಒಳಗಿನ ಸರಕು ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಅಂಗಡಿಯನ್ನೇ ಕೆಡಹಿ ಕಟ್ಟಬೇಕೆಂದು ಯಾರೂ ಸಲಹೆ ಕೊಡುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಇಂಥ ಸಲಹೆಯನ್ನು ಕೊಡುವವರೂ ಉಂಟು, ತೆಗೆದುಕೊಳ್ಳುವವರೂ ಉಂಟು. ಇದು ಹೋಗಬೇಕಾದರೆ ಆ ಚಿತ್ರವು ಏನು, ಅದು ಏತಕ್ಕೆ ಕೆಡುತ್ತದೆ ಎಂಬುದನ್ನು ನಾವು ಒಮ್ಮೆಯಾದರೂ ಸಾವಧಾನವಾಗಿ ವಿಚಾರಮಾಡಬೇಕು.

ಕಂಪ್ಯೂಟರಿನ ಪರದೆಯನ್ನು ಡೆಸ್ಕ್‌ಟಾಪ್, ಎಂದರೆ ಮೇಜಿನ ಮೇಲ್ಭಾಗ, ಎಂದು ಕರೆಯುವುದು ಒಂದು ಉಪಮಾನ. ಅದರ ಮೇಲಿನ ಚಿತ್ರಗಳಿಗೆ ಐಕಾನ್ ಎಂಬ ಹೆಸರನ್ನು ೧೯೭೫ರಲ್ಲಿ ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್ ಎಂಬ ಅಮೆರಿಕನ್ ವಿದ್ವಾಂಸನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ತನ್ನ ಪ್ರಬಂಧದಲ್ಲಿ ಬಳಸಿದನು. ೧೯೮೧ರಲ್ಲಿ ಜೆರಾಕ್ಸ್ ಕಂಪೆನಿಯು ಸ್ಟಾರ್ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಾಗ ಅದರ ರಚನೆಯಲ್ಲಿ ಸ್ಮಿತ್ ಕೂಡ ಭಾಗಿಯಾಗಿದ್ದನು. ಸ್ಟಾರ್ ಯಂತ್ರದ ಮೇಜಿನ ಮೇಲೆ ಒಂದು ಕಾಗದದ ಚಿತ್ರವಿದ್ದರೆ ಅದು ಆ ದಾಖಲೆಯೇ. ಚಿತ್ರವನ್ನು ಸರಿಸಿದರೆ ದಾಖಲೆಯೂ ಸರಿದಂತೆ. ಚಿತ್ರಕ್ಕೂ ವಸ್ತುವಿಗೂ ನಡುವೆ ಬಳಸುವವನ ಕಣ್ಣಿಗೆ ಅಂತರವಿರಲಿಲ್ಲ.

ಈ ಅಂತರವು ಬಂದುದು ಆಮೇಲೆ. ಒಂದೇ ವಸ್ತುವನ್ನು ಹಲವು ಜಾಗಗಳಿಂದ ತಲುಪಲು ಅನುಕೂಲವಿರಬೇಕೆಂದು ೧೯೯೧ರಲ್ಲಿ ಆಪಲ್ ಕಂಪೆನಿಯು ತನ್ನ ಮ್ಯಾಕಿಂಟಾಷ್ ಯಂತ್ರಗಳಲ್ಲಿ ‘ಏಲಿಯಾಸ್’ ಎಂಬುದನ್ನೂ, ೧೯೯೫ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ ೯೫ರಲ್ಲಿ ‘ಶಾರ್ಟ್‌ಕಟ್’ ಎಂಬುದನ್ನೂ ತಂದವು. ಏಲಿಯಾಸ್ ಎಂದರೆ ಉಪನಾಮ. ಶಾರ್ಟ್‌ಕಟ್ ಎಂದರೆ ಅಡ್ಡದಾರಿ. ಎರಡು ಮಾತುಗಳಲ್ಲಿಯೂ ಸತ್ಯವು ಅಡಗಿದೆ. ಮೇಜಿನ ಮೇಲೆ ಕಾಣುವುದು ವಸ್ತುವಲ್ಲ, ಅದರ ಇನ್ನೊಂದು ಹೆಸರು. ಅದು ಮನೆಯಲ್ಲ, ಮನೆಗೆ ಹೋಗುವ ಒಂದು ದಾರಿ. ವಿಂಡೋಸಿನಲ್ಲಿ ಈ ವ್ಯತ್ಯಾಸವನ್ನು ತೋರಿಸುವುದಕ್ಕೆಂದೇ ಚಿತ್ರದ ಎಡಗಡೆಯ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತನ್ನು ಇಟ್ಟಿದ್ದಾರೆ. ದಿನವೂ ನೋಡುವ ಆ ಬಾಣದ ಅರ್ಥವೇನೆಂದು ಕೇಳಿದರೆ ಎಷ್ಟು ಜನ ಹೇಳಬಲ್ಲರೋ ನಮಗೆ ಸಂದೇಹ.

ಶಾರ್ಟ್‌ಕಟ್ಟೆಂಬುದು ಒಂದು ಅತಿ ಸಣ್ಣ ಫೈಲು. ನೂರಾರು ಮೆಗಾಬೈಟುಗಳ ಪ್ರೋಗ್ರಾಮಿಗೆ ಅದರ ಶಾರ್ಟ್‌ಕಟ್ ಸಾಮಾನ್ಯವಾಗಿ ಒಂದೆರಡು ಕಿಲೋಬೈಟುಗಳನ್ನು ಮೀರುವುದಿಲ್ಲ. ಅದರ ಮೊದಲ ೭೬ ಬೈಟುಗಳು ಮುನ್ನುಡಿ. ಅಲ್ಲಿ ಗುರಿಯಾದ ಫೈಲಿನ ಗಾತ್ರ, ಅದು ಹುಟ್ಟಿದ ವೇಳೆ, ತಿದ್ದಿದ ವೇಳೆ ಮುಂತಾದವು ದಾಖಲಾಗಿರುತ್ತವೆ. ಆಮೇಲೆ ಆ ಫೈಲು ಯಾವ ಡ್ರೈವಿನಲ್ಲಿ, ಯಾವ ಫೋಲ್ಡರಿನಲ್ಲಿ ಇದೆಯೆಂಬ ವಿಳಾಸ. ಪ್ರೋಗ್ರಾಮು ಯಾವ ಫೋಲ್ಡರಿನಲ್ಲಿ ನಿಂತು ಕೆಲಸವನ್ನು ಪ್ರಾರಂಭಿಸಬೇಕೆಂಬ ಸೂಚನೆ. ಮುಖಕ್ಕೆ ಯಾವ ಚಿತ್ರವನ್ನು ಎಲ್ಲಿಂದ ತಂದು ತೋರಿಸಬೇಕೆಂಬ ಸೂಚನೆ. ಇದೊಂದು ವಿಳಾಸದ ಚೀಟಿಯೆಂದರೆ ಸರಿಯಾದೀತು. ಚೀಟಿ ಹರಿದರೆ ಮನೆ ಉರುಳುವುದಿಲ್ಲ. ಮನೆ ಉರುಳಿದರೆ ಚೀಟಿಗೆ ತಿಳಿಯುವುದೂ ಇಲ್ಲ.

ಇದನ್ನು ಅರಿಯದವರಿಗೆ ಒದಗುವ ಕಷ್ಟಗಳು ಬಗೆಬಗೆಯಾದವು. ಬೇಡವಾದ ಪ್ರೋಗ್ರಾಮನ್ನು ತೆಗೆದುಹಾಕಿದೆನೆಂದು ಕೆಲವರು ಶಾರ್ಟ್‌ಕಟ್ಟನ್ನು ಮಾತ್ರ ಅಳಿಸಿ ಸಮಾಧಾನಪಡುತ್ತಾರೆ; ಪ್ರೋಗ್ರಾಮು ಒಳಗೆ ಯಥಾಪ್ರಕಾರ ಬದುಕಿರುತ್ತದೆ. ವಿದ್ಯಾರ್ಥಿಗಳು ತಾವು ಬರೆದ ವರದಿಯ ಶಾರ್ಟ್‌ಕಟ್ಟನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು ಮುದ್ರಣದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ತೆರೆದರೆ ಏನೂ ಇಲ್ಲ. ಅವರು ಒಯ್ದುದು ವರದಿಯನ್ನಲ್ಲ, ಮನೆಯಲ್ಲಿರುವ ವರದಿಯ ವಿಳಾಸವನ್ನು. ವರದಿಯನ್ನು ಒಪ್ಪಿಸುವ ಕೊನೆಯ ದಿನ ಈ ಪಾಠವನ್ನು ಕಲಿಯುವುದು ಸುಖದ ಸಂಗತಿಯಲ್ಲ.

ಇನ್ನು ಚಿತ್ರವು ತಕರಾರು ಮಾಡಿದಾಗ ನಾವೇನು ಮಾಡತಕ್ಕದ್ದು? ವೈದ್ಯನು ರೋಗಿಯನ್ನು ಕಂಡೊಡನೆ ಔಷಧಿಯನ್ನು ಕೊಡುವುದಿಲ್ಲ. ಮೊದಲು ಪ್ರಶ್ನೆಗಳನ್ನು ಕೇಳುತ್ತಾನೆ. ಇಲ್ಲಿಯೂ ಮೂರು ಪ್ರಶ್ನೆಗಳು ಅವಶ್ಯ. ಕೆಟ್ಟಿರುವುದು ಒಂದೇ ಚಿತ್ರವೋ, ಎಲ್ಲ ಚಿತ್ರಗಳೋ? ಕೆಟ್ಟಿರುವುದು ಮುಖವೋ, ನಡತೆಯೋ? ಶಾರ್ಟ್‌ಕಟ್ಟನ್ನು ಬಿಟ್ಟು ಪ್ರೋಗ್ರಾಮು ಇರುವ ಜಾಗಕ್ಕೆ ಹೋಗಿ ಅಲ್ಲಿಯೇ ಅದನ್ನು ತೆರೆದರೆ ತೆರೆಯುವುದೋ ಇಲ್ಲವೋ? ಈ ಮೂರಕ್ಕೆ ಉತ್ತರ ದೊರೆತರೆ ರೋಗದ ನೆಲೆ ಬಹುಮಟ್ಟಿಗೆ ಗೊತ್ತಾದಂತೆಯೇ.

ಮುಖ ಮಾತ್ರ ಕೆಟ್ಟಿದ್ದು, ಒತ್ತಿದಾಗ ಪ್ರೋಗ್ರಾಮು ನೆಟ್ಟಗೆ ತೆರೆಯುತ್ತದೆಯೆನ್ನೋಣ. ಆಗ ದೋಷವಿರುವುದು ಪ್ರಾಯಶಃ ಚಿತ್ರಗಳ ದಾಸ್ತಾನಿನಲ್ಲಿ. ಪರದೆ ತೆರೆದಾಗಲೆಲ್ಲ ನೂರಾರು ಚಿತ್ರಗಳನ್ನು ಅವುಗಳ ಮೂಲದಿಂದ ಹೊಸದಾಗಿ ತರುವುದು ನಿಧಾನದ ಕೆಲಸ. ಆದುದರಿಂದ ವಿಂಡೋಸು ಒಮ್ಮೆ ತಂದ ಚಿತ್ರಗಳ ಪ್ರತಿಗಳನ್ನು ಐಕಾನ್ ಕ್ಯಾಶ್ ಎಂಬ ಫೈಲುಗಳಲ್ಲಿ ಕೂಡಿಟ್ಟುಕೊಂಡು ಅಲ್ಲಿಂದಲೇ ತೋರಿಸುತ್ತದೆ. ಈ ದಾಸ್ತಾನು ಹಳತಾದರೆ ಅಥವಾ ಕೆಟ್ಟರೆ ಒಂದರ ಮುಖ ಇನ್ನೊಂದಕ್ಕೆ ಬರುವುದೂ, ಬಿಳಿಯ ಹಾಳೆ ಕಾಣುವುದೂ ಸಹಜ. ಟಾಸ್ಕ್ ಮ್ಯಾನೇಜರನ್ನು ತೆರೆದು ವಿಂಡೋಸ್ ಎಕ್ಸ್‌ಪ್ಲೋರರನ್ನು ಆರಿಸಿ ಪುನಃ ಪ್ರಾರಂಭಿಸುವುದು, ಇಲ್ಲವೆ ಯಂತ್ರವನ್ನೇ ಒಮ್ಮೆ ನಿಲ್ಲಿಸಿ ನಡೆಸುವುದು ಮೊದಲ ಚಿಕಿತ್ಸೆ. ಅದಕ್ಕೂ ಬಗ್ಗದಿದ್ದರೆ ಬಲ್ಲವರಿಂದ ಆ ದಾಸ್ತಾನಿನ ಫೈಲುಗಳನ್ನು ಅಳಿಸಿಹಾಕಿಸಬಹುದು. ಯಂತ್ರವು ಅವುಗಳನ್ನು ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ. ಇದರಿಂದ ನಮ್ಮ ಸ್ವಂತ ಫೈಲುಗಳಿಗೆ ಕೂದಲೆಳೆಯಷ್ಟೂ ಹಾನಿಯಿಲ್ಲ.

ಮುಖದೊಡನೆ ನಡತೆಯೂ ಕೆಟ್ಟಿದ್ದು, ಒತ್ತಿದಾಗ ಸೂಚನೆಯೊಂದು ಬರುತ್ತದೆಯೆನ್ನೋಣ. ಈ ಸೂಚನೆಯನ್ನು ಕಡ್ಡಾಯವಾಗಿ ಓದತಕ್ಕದ್ದು; ಸಾಧ್ಯವಾದರೆ ಬರೆದಿಟ್ಟುಕೊಳ್ಳತಕ್ಕದ್ದು. ಅದರಲ್ಲಿ ಬಗೆಗಳುಂಟು. ಶಾರ್ಟ್‌ಕಟ್ಟು ಹೇಳುವ ಡ್ರೈವೇ ಸಿಕ್ಕುತ್ತಿಲ್ಲ, ಡಿಸ್ಕನ್ನು ಸರಿಯಾಗಿ ಸೇರಿಸಿದೆಯೇ ನೋಡಿರಿ ಎಂಬುದು ಒಂದು. ಡ್ರೈವು ಇದೆ, ಆದರೆ ಅದರಲ್ಲಿದ್ದ ಫೈಲನ್ನು ಬೇರೆಡೆಗೆ ಒಯ್ದಿದ್ದಾರೆ ಅಥವಾ ಅದರ ಹೆಸರನ್ನು ಬದಲಾಯಿಸಿದ್ದಾರೆ ಎಂಬುದು ಇನ್ನೊಂದು. ನಮ್ಮ ಉಪಾಧ್ಯಾಯರ ಯಂತ್ರವು ಕೊಟ್ಟಿದ್ದುದು ಮೊದಲನೆಯ ಬಗೆಯ ಸೂಚನೆ. ಇದನ್ನು ಅವರೇ ಆಮೇಲೆ ತಂತಿಯನ್ನು ತೆಗೆದು ಪರೀಕ್ಷಿಸಿ ನಮಗೆ ತೋರಿಸಿದರು. ಯಂತ್ರವು ತನ್ನ ವ್ಯಾಧಿಯ ಹೆಸರನ್ನೂ ಚಿಕಿತ್ಸೆಯನ್ನೂ ಎರಡೇ ಸಾಲಿನಲ್ಲಿ ಹೇಳಿತ್ತು. ಕೇಳುವವರು ಇರಲಿಲ್ಲ.

ಎರಡನೆಯ ಬಗೆಯಲ್ಲಿ ಸ್ವಲ್ಪ ಎಚ್ಚರ ಬೇಕು. ಗುರಿಯು ಹೇಳಿದ ಜಾಗದಲ್ಲಿ ಸಿಕ್ಕದಿದ್ದರೆ ವಿಂಡೋಸು ಒಡನೆಯೇ ಕೈಚೆಲ್ಲುವುದಿಲ್ಲ. ಗಾತ್ರ, ದಿನಾಂಕ ಮುಂತಾದ ಲಕ್ಷಣಗಳ ಆಧಾರದಿಂದ ಅದು ಹತ್ತಿರದಲ್ಲೆಲ್ಲ ಹುಡುಕಿ, ಹೋಲಿಕೆಯ ಫೈಲೊಂದನ್ನು ಕಂಡು ಇದೇ ಇರಬಹುದೆ ಎಂದು ಕೇಳುವುದುಂಟು. ಹೋಲಿಕೆಯು ಗುರುತಲ್ಲ. ನೋಡದೆ ಹೌದೆಂದರೆ ಹಳೆಯ ಹೆಸರಿನ ಕೆಳಗೆ ಬೇರೊಂದು ಪ್ರೋಗ್ರಾಮು ಬಂದು ಕುಳಿತೀತು. ಮೌಸಿನ ಬಲಗುಂಡಿಯನ್ನು ಒತ್ತಿ ಪ್ರಾಪರ್ಟೀಸ್ ಎಂಬುದನ್ನು ತೆರೆದರೆ ಟಾರ್ಗೆಟ್ ಎಂಬಲ್ಲಿ ಚೀಟಿಯ ವಿಳಾಸವು ಅಕ್ಷರಶಃ ಕಾಣುವುದು. ಅದನ್ನು ಓದಿ, ಆ ಡ್ರೈವಿದೆಯೇ, ಆ ಫೋಲ್ಡರಿದೆಯೇ, ಆ ಫೈಲಿದೆಯೇ ಎಂದು ಒಂದೊಂದೇ ಮೆಟ್ಟಿಲಾಗಿ ನೋಡಬೇಕು. ಎಲ್ಲಿ ದಾರಿ ಕಡಿಯಿತೋ ಅಲ್ಲಿದೆ ದೋಷ. ಫೈಲು ಇದ್ದು ಚೀಟಿ ಮಾತ್ರ ಹಳತಾಗಿದ್ದರೆ ಹಳೆಯ ಚೀಟಿಯನ್ನು ಹರಿದು ಹೊಸದನ್ನು ಬರೆದುಕೊಂಡರೆ ತೀರಿತು. ಅದು ಅರ್ಧ ನಿಮಿಷದ ಕೆಲಸ. ಫೈಲೇ ಇಲ್ಲದಿದ್ದರೆ ಆ ಪ್ರೋಗ್ರಾಮೊಂದನ್ನು ಮತ್ತೆ ಹಾಕಬೇಕು, ಇಡೀ ಯಂತ್ರವನ್ನಲ್ಲ.

ಮೂರನೆಯದು ಇನ್ನೂ ಸೂಕ್ಷ್ಮ. ಮುಖ ಚೆನ್ನಾಗಿದೆ, ಪ್ರೋಗ್ರಾಮೂ ತೆರೆಯುತ್ತದೆ, ಆದರೆ ತನ್ನ ಸಾಮಗ್ರಿಗಳು ಕಾಣುತ್ತಿಲ್ಲವೆಂದು ಗೊಣಗುತ್ತದೆ. ಅದೇ ಪ್ರೋಗ್ರಾಮನ್ನು ಅದರ ಫೋಲ್ಡರಿನೊಳಗಿಂದಲೇ ತೆರೆದರೆ ಏನೂ ತೊಂದರೆಯಿಲ್ಲ. ಇಂಥಲ್ಲಿ ಟಾರ್ಗೆಟ್ಟಿನ ಕೆಳಗಣ ಸ್ಟಾರ್ಟ್ ಇನ್ ಎಂಬ ಸಾಲನ್ನು ನೋಡತಕ್ಕದ್ದು. ಅಡಿಗೆಯವನನ್ನು ಕರೆತಂದು ಅಡಿಗೆಮನೆಯ ಬದಲು ಪಡಸಾಲೆಯಲ್ಲಿ ನಿಲ್ಲಿಸಿದರೆ ಅವನು ಸೌಟಿಗಾಗಿ ತಡಕಾಡುವುದು ಅವನ ತಪ್ಪಲ್ಲ.

ಒಂದಲ್ಲ, ಎಲ್ಲ ಶಾರ್ಟ್‌ಕಟ್ಟುಗಳೂ ಒಂದೇ ಮುಖವನ್ನು ತಾಳಿ, ಯಾವುದನ್ನು ಒತ್ತಿದರೂ ಒಂದೇ ಪ್ರೋಗ್ರಾಮು ತೆರೆಯುತ್ತ ಹೋದರೆ ನೋಡುವವರ ಎದೆ ಒಡೆಯುವುದು ಸ್ವಾಭಾವಿಕ. ಹತ್ತಾರು ಪ್ರೋಗ್ರಾಮುಗಳು ಒಂದೇ ಕ್ಷಣದಲ್ಲಿ ಸತ್ತವೆಂದು ಅವರು ತಿಳಿಯುತ್ತಾರೆ. ಆದರೆ ವಿಚಾರವಂತನಿಗೆ ಈ ಲಕ್ಷಣವೇ ಧೈರ್ಯ ಕೊಡತಕ್ಕದ್ದು. ಹತ್ತು ಬೇರೆಬೇರೆ ವಸ್ತುಗಳು ಏಕಕಾಲದಲ್ಲಿ ಒಂದೇ ರೀತಿಯಲ್ಲಿ ಕೆಡುವುದು ಅಸಂಭವ. ಅವೆಲ್ಲಕ್ಕೂ ಸಮಾನವಾದ ಯಾವುದೋ ಒಂದು ಕೆಟ್ಟಿರಬೇಕು. ಶಾರ್ಟ್‌ಕಟ್ ಎಂಬ ಜಾತಿಯ ಫೈಲನ್ನು ಹೇಗೆ ತೆರೆಯಬೇಕೆಂಬ ನಿಯಮವು ವಿಂಡೋಸಿನ ದಫ್ತರದಲ್ಲಿ ಒಂದೇ ಕಡೆ ಬರೆದಿರುತ್ತದೆ. ಯಾವುದಾದರೊಂದು ಶಾರ್ಟ್‌ಕಟ್ಟಿಗೆ ‘ಯಾವಾಗಲೂ ಇದರಿಂದಲೇ ತೆರೆ’ ಎಂದು ಕೈತಪ್ಪಿ ಅಪ್ಪಣೆಯಿತ್ತರೆ ಆ ನಿಯಮವು ಬದಲಾಗಿ ಎಲ್ಲವೂ ದಾರಿ ತಪ್ಪುತ್ತವೆ. ಆ ಒಂದು ನಮೂದನ್ನು ತಿದ್ದಿದರೆ ಎಲ್ಲವೂ ಮರಳಿ ಎಚ್ಚರಗೊಳ್ಳುತ್ತವೆ. ತಿದ್ದುವುದಕ್ಕೆ ಬಲ್ಲವರು ಬೇಕು, ನಿಜ, ಅಳಿಸುವವರು ಬೇಡ.

ಈ ಭ್ರಾಂತಿಯು ಒಬ್ಬಿಬ್ಬರು ಸಾಮಾನ್ಯರದು ಮಾತ್ರವೆಂದು ಯಾರೂ ತಿಳಿಯಬಾರದು. ೨೦೨೩ನೆಯ ಜನವರಿ ೧೩, ಶುಕ್ರವಾರ, ಹಲವು ಸಂಸ್ಥೆಗಳ ನೌಕರರು ತಮ್ಮ ಯಂತ್ರಗಳನ್ನು ತೆರೆದಾಗ ಪ್ರೋಗ್ರಾಮುಗಳ ಚಿತ್ರಗಳೇ ಕಾಣಲಿಲ್ಲ. ಮೈಕ್ರೋಸಾಫ್ಟ್ ಕಂಪೆನಿಯ ಡಿಫೆಂಡರ್ ಎಂಬ ಕಾವಲುಗಾರ ಪ್ರೋಗ್ರಾಮಿಗೆ ಅಂದು ಬಂದ ಹೊಸ ಸೂಚನೆಗಳಲ್ಲಿ ದೋಷವಿದ್ದು, ಒಂದು ರಕ್ಷಣಾನಿಯಮವನ್ನು ಜಾರಿಯಲ್ಲಿಟ್ಟಿದ್ದ ಯಂತ್ರಗಳಲ್ಲಿ ಅದು ನಿರಪರಾಧಿಗಳಾದ ಶಾರ್ಟ್‌ಕಟ್ಟುಗಳನ್ನು ದುಷ್ಟವೆಂದು ತಿಳಿದು ಅಳಿಸಿಹಾಕಿತು. ಪ್ರೋಗ್ರಾಮುಗಳು ಮಾತ್ರ ತಮ್ಮ ತಮ್ಮ ಜಾಗದಲ್ಲಿ ಸುರಕ್ಷಿತವಾಗಿದ್ದವು. ಕಂಪೆನಿಯು ಆ ದೋಷವನ್ನು ತಿದ್ದಿದುದಲ್ಲದೆ, ಹೆಚ್ಚಾಗಿ ಬಳಕೆಯಲ್ಲಿರುವ ಪ್ರೋಗ್ರಾಮುಗಳಿಗೆ ಶಾರ್ಟ್‌ಕಟ್ಟುಗಳನ್ನು ಮರಳಿ ಬರೆಯುವ ಒಂದು ಸಣ್ಣ ಉಪಾಯವನ್ನೂ ಹೊರಡಿಸಿತು. ಅಂದು ಹೆಸರಿಗೂ ವಸ್ತುವಿಗೂ ಭೇದವನ್ನು ಬಲ್ಲ ಮೇಲ್ವಿಚಾರಕನಿಗೆ ಕಾದಿದ್ದುದು ಚೀಟಿಗಳನ್ನು ಬರೆಯುವ ಕೆಲಸ ಮಾತ್ರ; ಬಲ್ಲದವನು ಎಲ್ಲವನ್ನೂ ಮತ್ತೆ ಹಾಕಲು ಕುಳಿತಿದ್ದರೆ ಆ ಶ್ರಮವೆಲ್ಲ ವ್ಯರ್ಥ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಹೆಸರನ್ನು ವಸ್ತುವೆಂದು ನಂಬುವವನನ್ನು ಮೋಸಗೊಳಿಸುವುದು ಸುಲಭ. ಪೆನ್‌ಡ್ರೈವುಗಳಿಂದ ಹರಡುವ ಒಂದು ಬಗೆಯ ವೈರಸ್ಸು ನಮ್ಮ ಫೋಲ್ಡರುಗಳನ್ನೆಲ್ಲ ಮರೆಮಾಡಿ, ಅವುಗಳ ಹೆಸರನ್ನೇ ಹೊತ್ತ ಶಾರ್ಟ್‌ಕಟ್ಟುಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸುತ್ತದೆ. ಫೋಲ್ಡರೆಂದು ತಿಳಿದು ಒತ್ತಿದವನು ವೈರಸ್ಸನ್ನು ತನ್ನ ಕೈಯಿಂದಲೇ ಎಬ್ಬಿಸುತ್ತಾನೆ. ಫೋಲ್ಡರಿನ ಚಿತ್ರದ ಮೂಲೆಯಲ್ಲಿ ಇರಬಾರದ ಬಾಣವು ಇದೆಯೆಂಬುದನ್ನು ಕಂಡವನು ಮಾತ್ರ ಪಾರಾಗುತ್ತಾನೆ. ಇಲ್ಲಿಯೂ ಗಾಬರಿಯಿಂದ ಪೆನ್‌ಡ್ರೈವನ್ನು ಅಳಿಸುವವರು ಕಡಮೆಯಿಲ್ಲ. ನಿಜವಾದ ಫೋಲ್ಡರುಗಳು ಸಾಮಾನ್ಯವಾಗಿ ಅಲ್ಲಿಯೇ ಮರೆಯಲ್ಲಿದ್ದು, ವೈರಸ್ಸನ್ನು ತೊಲಗಿಸಿದ ಮೇಲೆ ಅವುಗಳ ಮರೆಯನ್ನು ತೆಗೆದರೆ ಸಾಕೆಂಬುದು ಅವರಿಗೆ ತಿಳಿಯದು.

೨೦೧೦ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುಪ್ರಸಿದ್ಧ ವೈರಸ್ಸಿನದು ಇದಕ್ಕೂ ಮಿಗಿಲಾದ ಕುಯುಕ್ತಿ. ಅದರ ಶಾರ್ಟ್‌ಕಟ್ಟನ್ನು ಒತ್ತಬೇಕಾಗಿಯೇ ಇರಲಿಲ್ಲ. ಪರದೆಯ ಮೇಲೆ ಅದರ ಚಿತ್ರ ಕಾಣಿಸಿಕೊಂಡರೆ ಸಾಕಾಗಿತ್ತು. ಕೆಲವು ಬಗೆಯ ಶಾರ್ಟ್‌ಕಟ್ಟುಗಳಿಗೆ ಚಿತ್ರವನ್ನು ತರಲು ವಿಂಡೋಸು ಗುರಿಯ ಫೈಲನ್ನೇ ಒಳಕ್ಕೆ ಕರೆದುಕೊಳ್ಳುತ್ತಿತ್ತು. ಹಾಗೆ ಬಂದ ಫೈಲು ಚಿತ್ರವನ್ನು ಕೊಡುವ ನೆಪದಲ್ಲಿ ತನ್ನ ಕೆಲಸವನ್ನೂ ನಡೆಸಿಕೊಳ್ಳುತ್ತಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಈ ಕಂಡಿಯನ್ನು ಮುಚ್ಚಿತು. ಮುಚ್ಚಿದುದು ಪೂರ್ಣವಾಗಿರಲಿಲ್ಲವೆಂದು ತಿಳಿದು ೨೦೧೫ರಲ್ಲಿ ಮತ್ತೊಮ್ಮೆ ತೇಪೆ ಹಾಕಬೇಕಾಯಿತು. ಮುಖವನ್ನು ಕಂಡ ಮಾತ್ರಕ್ಕೆ ಮನುಷ್ಯನನ್ನು ಒಳಗೆ ಬಿಟ್ಟುಕೊಳ್ಳಬಾರದೆಂಬ ನೀತಿಯನ್ನು ಯಂತ್ರವೂ ಕಲಿಯಬೇಕಾಗಿ ಬಂತು.

ಇಷ್ಟೆಲ್ಲ ತಿಳಿವಳಿಕೆ ಸಾಮಾನ್ಯನಿಗೆ ಏತಕ್ಕೆ, ಕಾರನ್ನು ಓಡಿಸುವವನೆಲ್ಲ ಎಂಜಿನನ್ನು ಬಿಚ್ಚಬಲ್ಲನೆ ಎಂದು ಕೆಲವರು ಕೇಳಬಹುದು. ಆಕ್ಷೇಪಣೆಯು ನ್ಯಾಯವಾದುದೇ. ಎಲ್ಲರೂ ರಿಪೇರಿ ಕೆಲಸಗಾರರಾಗಬೇಕೆಂದು ನಾವು ಹೇಳುವುದಿಲ್ಲ. ಆದರೆ ಕಾರಿನ ಪೆಟ್ರೋಲು ಮುಗಿದರೆ ಎಂಜಿನನ್ನು ಬದಲಾಯಿಸಬೇಕೆಂಬವನ ಮಾತನ್ನು ನಂಬದಿರುವಷ್ಟು ತಿಳಿವಳಿಕೆ ಕಾರಿನ ಯಜಮಾನನಿಗೆ ಇದ್ದೇ ಇರುತ್ತದೆ. ಕಂಪ್ಯೂಟರಿನ ಯಜಮಾನನಿಗೂ ಅಷ್ಟು ಇರಲೆಂಬುದೇ ನಮ್ಮ ಕೋರಿಕೆ. ರಿಪೇರಿಯವನಿಗೂ ಇದರಿಂದ ಉಪಕಾರವೇ. ಎಲ್ಲವನ್ನೂ ಅಳಿಸಿ ಹಾಕುವುದು ಅವನಿಗೆ ಸುಲಭವಾದ ಉಪಾಯ. ಯಾವ ರೋಗಕ್ಕಾದರೂ ಅದು ನಾಟುತ್ತದೆ, ಯಾವ ರೋಗವೆಂದು ಅವನು ಯೋಚಿಸಬೇಕಾಗಿಲ್ಲ. ಕೇಳುವ ಗಿರಾಕಿಯಿದ್ದಾಗ ಮಾತ್ರ ಯೋಚಿಸುವ ಕಸಬುಗಾರನು ಬೆಳೆಯುತ್ತಾನೆ.

ನಮ್ಮ ಶಾಲೆಗಳಲ್ಲಿ ಕಂಪ್ಯೂಟರಿನ ಪಾಠವನ್ನು ಹೇಳುವವರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಇಲ್ಲಿ ಒತ್ತು, ಅದು ತೆರೆಯುತ್ತದೆ ಎಂದಷ್ಟೇ ಕಲಿಸಿದರೆ ಸಾಲದು; ಒತ್ತಿದರೂ ತೆರೆಯದ ದಿನ ಆ ಹುಡುಗನು ನಮ್ಮ ಉಪಾಧ್ಯಾಯರಷ್ಟೇ ಅಸಹಾಯನಾಗುತ್ತಾನೆ. ಮೊದಲ ವಾರದಲ್ಲಿಯೇ ಒಂದು ಶಾರ್ಟ್‌ಕಟ್ಟನ್ನು ಮಾಡಿಸಿ, ಅದರ ಹೆಸರನ್ನು ಕನ್ನಡದಲ್ಲಿ ಬದಲಾಯಿಸಿ, ಚಿತ್ರವನ್ನು ಬದಲಾಯಿಸಿ, ಕೊನೆಗೆ ಅಳಿಸಿ, ಮೂಲವಸ್ತುವಿಗೆ ಏನೂ ಆಗಲಿಲ್ಲವೆಂಬುದನ್ನು ಕಣ್ಣಾರೆ ತೋರಿಸಬೇಕು. ಲಿನಕ್ಸ್ ಇರುವ ಶಾಲೆಗಳಲ್ಲಿ ಈ ಪಾಠ ಇನ್ನೂ ಸುಲಭ. ಅಲ್ಲಿ ಈ ಚೀಟಿಯು ಸಾದಾ ಅಕ್ಷರಗಳಲ್ಲಿ ಬರೆದ ಕೆಲವು ಸಾಲುಗಳಷ್ಟೇ: ಹೆಸರಿಗೊಂದು ಸಾಲು, ಚಿತ್ರಕ್ಕೊಂದು ಸಾಲು, ನಡೆಸಬೇಕಾದ ಪ್ರೋಗ್ರಾಮಿಗೊಂದು ಸಾಲು. ಒಂದೊಂದು ಭಾಷೆಗೂ ಹೆಸರಿನ ಸಾಲನ್ನು ಬೇರೆಬೇರೆಯಾಗಿ ಬರೆಯಬಹುದು. ಕನ್ನಡಕ್ಕೂ ಅಲ್ಲಿ ಎಡೆಯುಂಟು. ಹೆಸರು ಕನ್ನಡವಾಗಲಿ ಇಂಗ್ಲಿಷಾಗಲಿ, ತೆರೆಯುವ ವಸ್ತು ಒಂದೇ ಎಂಬುದನ್ನು ಮಕ್ಕಳು ತಾವಾಗಿಯೇ ಕಂಡುಕೊಳ್ಳುತ್ತಾರೆ.

ಸೂಚನೆಗಳ ಭಾಷೆಯನ್ನು ಕುರಿತೂ ಒಂದು ಮಾತು. ಇಂಗ್ಲಿಷ್ ಬಲ್ಲ ಉಪಾಧ್ಯಾಯರೇ ಆ ಎರಡು ಸಾಲುಗಳನ್ನು ಓದದೆ ಮುಚ್ಚಿದರೆಂದ ಮೇಲೆ, ಇಂಗ್ಲಿಷ್ ಬಾರದವರ ಪಾಡನ್ನು ಹೇಳುವುದೇನು? ಪರಭಾಷೆಯಲ್ಲಿ ಬಂದ ಸೂಚನೆಯು ಅರ್ಥಕ್ಕಿಂತ ಮುಂಚೆ ಬೆದರಿಕೆಯಾಗಿ ಕಾಣುತ್ತದೆ. ವಿಂಡೋಸಿಗೂ ಲಿನಕ್ಸಿಗೂ ಕನ್ನಡದ ಭಾಷಾಪದರಗಳು ಉಂಟು. ಅವುಗಳ ಕನ್ನಡವು ಇನ್ನೂ ತಿದ್ದುಪಾಡಾಗಬೇಕು, ನಿಜ. ಬಳಸುವವರಿಲ್ಲದೆ ಯಾವ ಕನ್ನಡವೂ ತಿದ್ದುಪಾಡಾಗಿಲ್ಲ.

ಕೊನೆಯದಾಗಿ, ಓದುಗರು ನೆನಪಿನಲ್ಲಿಡಬೇಕಾದುದು ನಾಲ್ಕೇ ಮಾತು. ಯಂತ್ರವು ಕೊಟ್ಟ ಸೂಚನೆಯನ್ನು ಓದಿರಿ. ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸಿ, ಫಲವನ್ನು ನೋಡಿ, ಆಮೇಲೆ ಮುಂದುವರಿಯಿರಿ. ಮರಳಿ ತರಲಾಗದ ಚಿಕಿತ್ಸೆಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿರಿ. ಅದನ್ನು ಮಾಡಲೇಬೇಕಾಗಿ ಬಂದರೆ ನಿಮ್ಮ ಬರೆಹಗಳ ಪ್ರತಿಯೊಂದು ಬೇರೆ ಕಡೆ ಇದೆಯೆಂದು ಕಣ್ಣಿನಿಂದ ಕಂಡಲ್ಲದೆ ಒಪ್ಪಿಗೆ ಕೊಡಬೇಡಿರಿ. ಪ್ರಯೋಗಶಾಲೆಯಲ್ಲಿ ವಿಜ್ಞಾನಿಯು ನಡೆಯುವ ರೀತಿಯೇ ಇದು. ಮನೆಯ ಮೇಜಿನ ಮುಂದೆ ಅದು ಬೇಡವೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ನಮ್ಮ ಉಪಾಧ್ಯಾಯರು ಈಗಲೂ ಎಂಟೂವರೆಗೆ ಹಿತ್ತಲಿಗೆ ಹೋಗುತ್ತಾರೆ. ಅಳತೆಯನ್ನು ಕಂಪ್ಯೂಟರಿನಲ್ಲಿಯೂ ಬರೆಯುತ್ತಾರೆ, ಪುಸ್ತಕದಲ್ಲಿಯೂ ಬರೆಯುತ್ತಾರೆ. ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ನಕಲು ಮಾಡುತ್ತಾರೆ. ಆದರೆ ಅವರ ನಕ್ಷೆಯ ನಡುವೆ ಆರು ವರ್ಷಗಳ ಜಾಗ ಬರಿದಾಗಿದೆ. ಆ ವರ್ಷಗಳಲ್ಲಿ ಆ ಹಿತ್ತಲಿನಲ್ಲಿ ಎಷ್ಟು ಮಳೆ ಬಿತ್ತೆಂದು ಇನ್ನು ಯಾರೂ ಹೇಳಲಾರರು. ಒಂದು ತಂತಿಯನ್ನು ಒತ್ತಿ ಜೋಡಿಸಿದ್ದರೆ ಉಳಿಯುತ್ತಿದ್ದ ಲೆಕ್ಕ ಅದು.